ಅಜ್ಜಿ ಸಮುದ್ರಕ್ಕಿಳಿದಿದ್ದು

ಅಮ್ಮಾ,

ಟೈಪ್ ಮಾಡೋಕೆ ತಾಳ್ಮೆ ಇಲ್ಲ, ಮಾತಲ್ಲೇ ಕಳಿಸ್ತಿದ್ದೀನಿ. ಚಿಕ್ಕಮ್ಮ ಫೋನಲ್ಲಿ ಹೇಳಿದ್ದೆಲ್ಲ ನಿಜ. ಕ್ರೂಸ್ ಹಡಗು ಬಾರ್ಬಡೋಸಲ್ಲಿ ನಿಂತಾಗ, ಅವರ ಅತ್ತೇನ, ಅದೇ ಅಜ್ಜೀನ, ಕ್ಯಾಬಿನ್ನಲ್ಲೇ ಬಿಟ್ಟು ಎಲ್ಲರೂ ಶಾಪಿಂಗ್ ಹೋದ್ರು. ನಾನು ಅಜ್ಜೀನ ವೀಲ್‌ಚೇರಲ್ಲಿ ಬೀಚಿಗೆ ಕರ್ಕೊಂಡು ಹೋದೆ.

"ಪರ್ವದಿನ ಅಲ್ದೆ ಸಮುದ್ರ ಮುಟ್ಟಬಾರ್ದು ಕಣೇ. ಅಮಾವಾಸ್ಯೆ ನಾಳೆ."

"ಮೈಸೂರಲ್ಲಿ ಆಗ್ಲೇ ನಾಳೆ ಆಗಿದೆ ಅಜ್ಜಿ."

"ಹಾಗಾದ್ರೆ ಕೈ ಹಿಡ್ಕೋ," ಅಂತ ಸೀರೇಲೇ ಇಳಿದ್ರು. ಮುಳುಗಿ ಎದ್ದು ನಕ್ಕಿದ್ದೇ ನಕ್ಕಿದ್ದು!

ಚಿಕ್ಕಮ್ಮನ ಹತ್ರ ಸಾರಿ ಕೇಳು ಅಂದ್ಯಲ್ಲ, ಕೇಳಲ್ಲ. ನಾನಿರೋ ಅವರ ಮನೆ ಬೇಸ್‌ಮೆಂಟು ಬಿಡು ಅಂದ್ರೆ ಪಕ್ಕದೂರು ಮಿಲ್ಟನ್ನಲ್ಲಿ ರೂಮ್ ನೋಡ್ಕೋತೀನಿ. ನೀನು ಕ್ಯಾಲೆಂಡರ್ ನೋಡಿ ಮುಂದಿನ ಹುಣ್ಣಿಮೆ ಯಾವತ್ತು ಹೇಳು. ಇಲ್ಲಿರೋದು ಬರೀ ಲೇಕು ಅಂದ್ರೂ ಅಜ್ಜಿ ಸೀರೆ ಮಡಿಸಿಟ್ಕೊಂಡು ಕಾಯ್ತಿದ್ದಾರೆ.

ನಿನ್ನ ಮಾತು ಕೇಳದ ಮಗಳು,
ಮೇದಿನಿ