ಖಾಲಿ ತಾಟಿಗೆ ಊದುವ ಶಾಸ್ತ್ರ

ಬಿಸಿಲುಗೂಡಿನ ನಲವತ್ತೊಂದನೆಯ ವರ್ಷ, ಶ್ರಾವಣ, ಮೋಡದ ರಜೆ

ಪ್ರೀತಿಯ ಜಗದೇವಿ ಮುತ್ತಜ್ಜಿಗೆ,

ನಿಮಗೀಗ ಮೂವತ್ತರ ಆಸುಪಾಸು. ಮುತ್ತಜ್ಜಿ ಎಂದು ಕರೆದದ್ದಕ್ಕೆ ಸಿಟ್ಟಾಗಬೇಡಿ. ಮೇಲಿನ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ನನ್ನ ಕೆಲವು ಪದಗಳೂ ವಿಚಿತ್ರ ಅನ್ನಿಸಬಹುದು. ಎದುರಿಗೆ ಕೂತು ಮಾತಾಡುವುದು ನನಗೆ ಬರುವುದಿಲ್ಲ, ಬರೆಯುವುದು ಅಷ್ಟಿಷ್ಟು ಬರುತ್ತದೆ. ಈಗ ಶಾಲೆಯ ಸಮವಸ್ತ್ರ ಬಿಚ್ಚದೆ ನಿಮ್ಮ ಪಕ್ಕದಲ್ಲಿ ಊಟಕ್ಕೆ ಕೂತಿದ್ದಾಳಲ್ಲ ನಿಮ್ಮ ಮಗಳು ಸ್ಪಂದನಾ, ಅವಳೇ ನನ್ನ ಆಯಿ, ನನ್ನ ತಾಯಿಯ ತಾಯಿ. ನಮ್ಮ ಕಾಲದಲ್ಲಿ ಸ್ಪಂದನಾ ಎಂದರೆ ಅಜ್ಜಿಯರ ಹೆಸರು.

ನಿಮ್ಮ ಊರಿನ ಸಿಮೆಂಟ್ ಫ್ಯಾಕ್ಟರಿ ಈಗಲೂ ಇದೆ. ಅದೇ ಸುಣ್ಣದ ಕಲ್ಲು, ಕಲ್ಲು ಬೇಯಿಸುತ್ತ ನಿಧಾನವಾಗಿ ತಿರುಗುವ ಅದೇ ಉದ್ದನೆಯ ಗೂಡು. ಕಲ್ಲಿದ್ದಲು ಮಾತ್ರ ಇಲ್ಲ. ಅದರ ಜಾಗದಲ್ಲಿ ಬಿಸಿಲುಗೂಡು ಇದೆ: ಇಟ್ಟಿಗೆಗಳನ್ನು ಗುಡ್ಡದ ಹಾಗೆ ಪೇರಿಸಿ ಕಟ್ಟಿದ ಕಟ್ಟಡ. ಹಗಲು ಬಿಸಿಲಿನಿಂದ ತೆಗೆದ ಕರೆಂಟು ಆ ಇಟ್ಟಿಗೆಗಳನ್ನು ಕಾಯಿಸುತ್ತದೆ, ಕತ್ತಲಾದ ಮೇಲೂ ಆ ಕಾವಿನಲ್ಲೇ ಕಲ್ಲು ಬೇಯುತ್ತದೆ. ಬೇಯುವಾಗ ಕಲ್ಲಿನೊಳಗಿಂದಲೂ ಒಂದು ಗಾಳಿ ಹೊರಡುತ್ತದೆ. ಅದನ್ನು ನಾವು ಕಲ್ಲುಸಿರು ಅನ್ನುತ್ತೇವೆ, ಹಿಡಿದಿಟ್ಟು, ಮನೆ ಕಟ್ಟುವ ಹೊಸ ಸಿಮೆಂಟ್ ಇಟ್ಟಿಗೆಗಳಿಗೆ ಕುಡಿಸಿ ಗಟ್ಟಿ ಮಾಡುತ್ತೇವೆ. ಶ್ರಾವಣದಲ್ಲಿ ಮೋಡ ಮುಚ್ಚಿಕೊಂಡು ಇಟ್ಟಿಗೆಯ ಕಾವು ಇಳಿದರೆ ಗೂಡು ನಿಲ್ಲುತ್ತದೆ. ಅದೇ ಮೋಡದ ರಜೆ. ಊರಿಗೆ ಊರೇ ಬಿಡುವಾಗಿರುತ್ತದೆ ಎಂದು ಮದುವೆಗಳನ್ನೆಲ್ಲ ಆಗಲೇ ಇಟ್ಟುಕೊಳ್ಳುತ್ತಾರೆ. ನಿಮ್ಮ ಓಣಿಯ ಹಿಂದೆ ಕಲ್ಲಿದ್ದಲಿನ ರೈಲು ನಿಲ್ಲುತ್ತದಲ್ಲ, ಆ ಕಟ್ಟೆಯ ಮೇಲೆ ಬೇಸಿಗೆಯಲ್ಲಿ ನಾವು ಶಾವಿಗೆ ಒಣಗಿಸುತ್ತೇವೆ. ನಂಬಿ, ಬಟ್ಟೆ ಮುಚ್ಚದೆ.

ಈ ಊರಿಗೆ ಒಂದು ಶಾಸ್ತ್ರವಿದೆ. ಮದುವೆಯ ಊಟಕ್ಕೆ ಕೂತ ಮದುಮಗಳ ಖಾಲಿ ತಾಟಿಗೆ ಮನೆಯ ಹಿರಿಯ ಹೆಂಗಸು ಒಮ್ಮೆ ಜೋರಾಗಿ ಊದಬೇಕು, ಆಮೇಲೆಯೇ ಬಡಿಸುವುದು. ಹಿರಿಯರು ತಮ್ಮ ಆಯುಷ್ಯವನ್ನು ಉಸಿರಿನ ಮೂಲಕ ದಾಟಿಸುತ್ತಾರೆ ಎಂದು ಎಲ್ಲರ ನಂಬಿಕೆ. ಕನ್ನಡ ಎಂ.ಎ.ಯಲ್ಲಿ ಇದರ ಮೇಲೆ ಪ್ರಬಂಧ ಬರೆದು ನಾನು ಬಹುಮಾನವನ್ನೂ ಪಡೆದಿದ್ದೆ.

ನಿನ್ನೆ ನನ್ನ ಮದುವೆ. ಊದಬೇಕಾದವಳು ಆಯಿ. ಆದರೆ ಆಯಿಗೆ ಉಸಿರೇ ಸಾಲುವುದಿಲ್ಲ. ಹರೆಯದಲ್ಲಿ ಅವಳು ಆ ಕಟ್ಟೆಯ ಮೇಲೆ ಬೋಗಿಯಿಂದ ಕಲ್ಲಿದ್ದಲು ಇಳಿಸುವ ಕಡೆ ದುಡಿದವಳು. ಎದೆಯೊಳಗೆ ಕೂತ ದೂಳು ಹೋಗಲಿಲ್ಲ. ಹೊಸಿಲು ದಾಟಿದರೆ ನಿಂತು ಸುಧಾರಿಸಿಕೊಳ್ಳುತ್ತಾಳೆ. ಈ ಸಲ ದೊಡ್ಡಮ್ಮ ಊದಲಿ ಎಂದು ಮನೆಯವರೆಲ್ಲ ಮಾತಾಡಿಕೊಂಡರು. ಹಿಂದಿನ ದಿನ ನಾನು ನೀರಿಗೆಂದು ಅಡುಗೆಮನೆಗೆ ಹೋದರೆ, ಆಯಿ ತಾಟಿನ ಮೇಲೆ ಚಿಟಿಕೆ ಜೋಳದ ಹಿಟ್ಟು ಉದುರಿಸಿಕೊಂಡು ಒಬ್ಬಳೇ ಊದುತ್ತಿದ್ದಳು. ಹಿಟ್ಟು ಕದಲಲಿಲ್ಲ. ನನ್ನನ್ನು ಕಂಡು ತಾಟು ಸರಿಸಿ, "ಹಿಟ್ಟು ದಪ್ಪ ಬೀಸ್ಯಾರ" ಅಂದಳು.

ಪಂಕ್ತಿಯಲ್ಲಿ ನನ್ನ ಮುಂದೆ ತಾಟಿಟ್ಟಾಗ ದೊಡ್ಡಮ್ಮ ಬಗ್ಗಿದಳು. ಆಯಿ ಅವಳ ಭುಜ ಹಿಡಿದು, "ಸರಿ ಅತ್ಲಾಗ. ನಾ ಇನ್ನಾ ಅದೀನಿ" ಎಂದು ತಾನೇ ಬಗ್ಗಿದಳು. ಹುಬ್ಬಳ್ಳಿಯಿಂದ ಬಂದ ಬೀಗರಿಗೆ ಈ ಶಾಸ್ತ್ರ ಗೊತ್ತಿಲ್ಲ. ಗಂಡನ ಸೋದರತ್ತೆ ಕಸ್ತೂರಿ ಬಾಯಿಬಡುಕಿ. "ಏನ್ರೀ ಅಜ್ಜಿ, ಅನ್ನಾ ಇನ್ನೂ ಬಡಿಸಿಲ್ಲ, ಖಾಲಿ ತಾಟು ಆರಸಾಕತ್ತೀರೇನು?" ಎಂದರು. ಎಲ್ಲರೂ ನಕ್ಕರು. ಆಯಿಯೂ ನಕ್ಕಳು.

"ಆರಸ್ಲಕತ್ತಿಲ್ಲವ್ವಾ. ನಮ್ಮವ್ವ ದಿನಾ ಹಿಂಗೇ ಊದಿ ನನಗ ಉಣ್ಲಕ ಹಾಕ್ತಿದ್ಳು. ತೊಳದಿಟ್ಟ ತಾಟಿನ ಮ್ಯಾಲ ಕಲ್ಲಿದ್ದಲಿ ದೂಳು ಕೂಡ್ತಿತ್ತು."

ನನಗೆ ಬಹುಮಾನ ನೆನಪಾಯಿತು. "ಆಯಿ, ಇಷ್ಟ್ ದಿನ ಯಾಕ ಹೇಳಿಲ್ಲ?" ಎಂದೆ.

"ಯಾರ್ ಕೇಳೀರಿ?" ಅಂದಳು.

ಆಮೇಲೆ ಊದಿದಳು. ಶಬ್ದ ಬರಲಿಲ್ಲ. ಪಕ್ಕದ ಲೋಟದಲ್ಲಿ ನೀರೂ ಅಲುಗಲಿಲ್ಲ. ಇದು ಲೆಕ್ಕಕ್ಕೆ ಬಂತೋ ಇಲ್ಲವೋ ಎನ್ನುವ ಹಾಗೆ ನನ್ನ ಮುಖ ನೋಡಿದಳು. ನಾನು ತಾಟನ್ನು ಬೆಳಕಿಗೆ ಓರೆಯಾಗಿ ಹಿಡಿದು, "ಎಲ್ಲಾ ಹೋಯ್ತು ಆಯಿ, ನೀನೇ ನೋಡು" ಎಂದೆ. ಅವಳು ತಾಟಿನ ಮೇಲೆ ಬೆರಳೆಳೆದಳು. ಬೆರಳ ತುದಿಯನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದಳು.

"ಹೌದಲ್ಲ," ಅಂದಳು. "ಹೋಗ್ಯಾದ." ಬಡಿಸಿ ಎಂದು ಕೈಸನ್ನೆ ಮಾಡಿದಳು.

ಮುತ್ತಜ್ಜಿ, ಮಗಳನ್ನು ಆ ಕಟ್ಟೆಯ ಕೆಲಸಕ್ಕೆ ಕಳಿಸಬೇಡಿ ಎಂದು ಬೇಡಿಕೊಳ್ಳಲು ಈ ಕಾಗದ ಶುರುಮಾಡಿದೆ. ಆದರೆ ಅವಳಿಗೆ ನನ್ನ ಮುತ್ಯಾ, ಅಂದರೆ ಅವಳ ಗಂಡ, ಸಿಕ್ಕಿದ್ದು ಅಲ್ಲಿಯೇ. ಅದಕ್ಕೆ ಬೇರೆ ಮಾತು ಕೇಳುತ್ತೇನೆ. ಮುಂದೊಂದು ದಿನ ಬಿಸಿಲುಗೂಡಿನ ಮಾತು ನಿಮ್ಮ ಓಣಿಗೂ ಬರುತ್ತದೆ. ಬೇರೆ ಊರುಗಳು ಹೂಂ ಅಂದಾಗ ನಮ್ಮೂರು, "ಕಲ್ಲಿದ್ದಲು ಹೋದ್ರ ಕೂಳೂ ಹೋಗ್ತದ" ಎಂದು ಹೆದರಿ ಹತ್ತು ವರ್ಷ ಬೇಡ ಅಂದಿತಂತೆ. ಹೆದರಿದ್ದು ತಪ್ಪಲ್ಲ. ಆದರೆ ಕೂಳು ಹೋಗಲಿಲ್ಲ. ಬೋಗಿ ಇಳಿಸುತ್ತಿದ್ದವರೇ ಇಟ್ಟಿಗೆಯ ಕಾವು ನೋಡಿಕೊಳ್ಳುವ ಕಾವುಗಾರರಾದರು, ಆಯಿಯೂ ಆದಳು. ಆ ಹತ್ತು ವರ್ಷ ಮಾತ್ರ ಅವಳ ಎದೆಯಲ್ಲಿ ಉಳಿಯಿತು. ಬಿಸಿಲುಗೂಡು ಬೇಕೋ ಬೇಡವೋ ಎಂದು ಊರು ಸಭೆ ಸೇರುವ ದಿನ ನೀವೂ ಹೋಗಿ. ಹಿಂದಿನ ಸಾಲಿನಲ್ಲಿ ಕೂರಬೇಡಿ. ನಿಮ್ಮ ಮನೆಯ ತಾಟೊಂದನ್ನು ಒಯ್ದು ಅವರ ಮುಂದೆ ಊದಿ ತೋರಿಸಿ.

ಈಗ ಹುಡುಗಿ ಹಸಿದು ಕಾಯುತ್ತಿದ್ದಾಳೆ. ಬಡಿಸಿ. ನನ್ನ ಪರವಾಗಿಯೂ ಒಂದು ಸಲ ಊದಿ.

ನಿಮ್ಮ ಹೆಸರನ್ನೇ ಇಟ್ಟುಕೊಂಡವಳು,
ಜಗದೇವಿ