ಪುಕ್ಕಟೆ ಸಿಕ್ಕಷ್ಟು ಕತೆ

ಕಪ್ಪತಗುಡ್ಡದ ತಪ್ಪಲು, ಇಸವಿ ೨೨೯೧, ಶ್ರಾವಣ

ಈ ಬೆಳಕುಹಲಗೆಯ ಮೊದಲ ಒಡೆಯರಿಗೆ,

ಓದಾಳಿ ಹೊನ್ನವ್ವ ಮಾಡುವ ಶರಣು. ನನ್ನ ಕನ್ನಡ ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮದನ್ನೇ ಓದಿ ಕಲಿತದ್ದು. ನೀವು ಕೈಯಲ್ಲಿ ಹಿಡಿದು ಓದುತ್ತಿದ್ದ ಯಂತ್ರಕ್ಕೆ ನಾವು ಬೆಳಕುಹಲಗೆ ಎನ್ನುತ್ತೇವೆ. ಕುಸಿದ ಮನೆಯೊಂದರಡಿ ನಮ್ಮ ಹಿರಿಯರಿಗೆ ಸಿಕ್ಕಿತು. ಬೆಳಿಗ್ಗೆ ಸಂಡಿಗೆಯ ಪಕ್ಕದಲ್ಲೇ ಬಿಸಿಲಿಗಿಟ್ಟರೆ ಸಂಜೆಯವರೆಗೆ ಓದಬಹುದು. ಊರಿಗೆಲ್ಲ ಓದಿ ಹೇಳುವವಳು ಓದಾಳಿ, ಸದ್ಯ ನಾನು. ಇದ್ದದ್ದನ್ನು ಓದಬೇಕು, ಒಂದು ಮಾತೂ ಸೇರಿಸಬಾರದು ಎಂಬುದು ನಮ್ಮ ಕಟ್ಟಳೆ.

ಪುಕ್ಕಟೆ ಎಂದರೆ ನೀವು ಹಿಂದೆಮುಂದೆ ನೋಡಿದವರಲ್ಲ. ಅಡುಗೆ, ಜಾತಕ, ಪತ್ತೇದಾರಿ, ಕುರಿ ಸಾಕಣೆ, ಸಿಕ್ಕಿದ್ದನ್ನೆಲ್ಲ ಇಳಿಸಿಕೊಂಡಿದ್ದೀರಿ. ಓದಿದಂತೆ ಮಾತ್ರ ಕಾಣುವುದಿಲ್ಲ. ಪ್ರತಿ ಕತೆಯ ಕೊನೆಗೆ ‘ಮುಂದೆ ಓದಲು ಖರೀದಿಸಿ’ ಎಂದಿದೆ. ಕೊಳ್ಳುವುದು ಮಾರುವುದು ನಮ್ಮಲ್ಲಿಲ್ಲ. ಅದನ್ನು ಮಂಗಳಪದವೆಂದೇ ತಿಳಿದೆವು. ಓದು ಮುಗಿದಾಗ ಊರೆಲ್ಲ ಕೈಮುಗಿದು ಒಟ್ಟಾಗಿ ಹೇಳುತ್ತದೆ. ನನ್ನ ಮದುವೆಯಲ್ಲೂ ಹೇಳಿದರು. ಕತೆಗಳೆಂದರೆ ನಡುವೆ ನಿಲ್ಲುವಂಥವೇ ಎಂದುಕೊಂಡು ನಾಲ್ಕು ತಲೆಮಾರು ಬದುಕಿದೆವು.

ಈ ಬೇಸಿಗೆಯಲ್ಲಿ ಇನ್ನೊಂದು ಹಲಗೆ ಸಿಕ್ಕಿತು. ಅದರಲ್ಲಿ ನಮಗೆ ಗೊತ್ತಿದ್ದ ಒಂದು ಕತೆ ಪೂರ್ತಿ ಇತ್ತು, ಅದೂ ಪುಕ್ಕಟೆಯೇ. ಬರೆದವರೇ ಎಲ್ಲರೂ ಓದಲೆಂದು ಬಿಟ್ಟಿದ್ದರಂತೆ. ಅಷ್ಟು ಕಾಲ ಬಾಗಿಲಿಗೆ ಕೈಯಿಟ್ಟು ನಿಂತಿದ್ದ ಆ ಕತೆಯ ಸೊಸೆ, ನಾನು ಓದುತ್ತಿದ್ದಂತೆ, ಬಾಗಿಲು ತೆರೆದು ಒಳಗೆ ಹೋದಳು. ಅಂದಿನಿಂದ ನಡುವೆ ನಿಂತ ಉಳಿದ ಕತೆಗಳ ಜನರೆಲ್ಲ ನಮ್ಮ ಅಂಗಳಕ್ಕೇ ಬಂದು ನಿಂತಂತಿದೆ. ನೀರಿಗೆ ಹೋದರೆ ಬೆನ್ನ ಹಿಂದೆ ಯಾರೋ ಕಾಯುತ್ತಿದ್ದಾರೆ ಅನ್ನಿಸುತ್ತದೆ. ನನಗೆ ಭಯವಾಗುತ್ತದೆ.

ನಮ್ಮ ಫಕೀರವ್ವತ್ತೆ ಹಾಸಿಗೆ ಹಿಡಿದಿದ್ದಾಳೆ, ಹೆಚ್ಚು ದಿನವಿಲ್ಲ. ಮಗಳು ಹೊಳೆಯ ಪಾಲಾದ ಮೇಲೆ ಅವಳು ಕೇಳುವುದು ಒಂದೇ ಕತೆ. ತಾಯಿಯೊಬ್ಬಳು ದಡದಲ್ಲಿ ನಿಂತಿದ್ದಾಳೆ, ಮಗಳಿರುವ ದೋಣಿ ನಡುನೀರಿಗೆ ಬಂದಿದೆ, ಗಾಳಿ ಎದ್ದಿದೆ. ಅಲ್ಲಿಗೆ ನಿಲ್ಲುತ್ತದೆ. ಇಷ್ಟು ವರ್ಷ ಅತ್ತೆಗೆ ಅದೇ ನೆಮ್ಮದಿ. ದೋಣಿ ಬರುತ್ತಲೇ ಇತ್ತು. ಈಗ ನನ್ನ ಸೆರಗು ಹಿಡಿದು ಕೇಳುತ್ತಾಳೆ, “ಮುಂದ ಐತಂತಲ್ಲ ಯವ್ವಾ. ಹುಡುಗಿ ದಂಡಿಗೆ ಬಂತೋ ಇಲ್ಲೋ, ಅಷ್ಟ ಹೇಳು.”

ಹಿರಿಯರೇ, ಆ ಪುಸ್ತಕ ಪೂರ್ತಿಯಾಗಿ ನಿಮ್ಮ ಕಾಲದಲ್ಲಿ ಎಲ್ಲೋ ಪುಕ್ಕಟೆ ಸಿಗಬಹುದು. ಇನ್ನೊಂದಿಷ್ಟು ಹುಡುಕಿ ಈ ಹಲಗೆಗೆ ಇಳಿಸಿಡಿ. ಅಲ್ಲಿ ನೀವು ಇಳಿಸಿದ್ದು ಇಲ್ಲಿ ಆಗಲೇ ಇರಬೇಕು, ನಿಮ್ಮ ಕಾಲ ಕಳೆದು ಹೋಗಿರುವುದರಿಂದ. ದೋಣಿ ಮುಳುಗುವುದಾದರೆ ಮಾತ್ರ ಇಳಿಸಬೇಡಿ, ಇದ್ದಂತೆಯೇ ಬಿಟ್ಟುಬಿಡಿ.

ಇಷ್ಟು ಬರೆದು ಹಲಗೆ ತೆರೆದು ನೋಡಿದೆ. ದೋಣಿ ನಡುನೀರಿನಲ್ಲೇ ಇದೆ. ನನ್ನ ಕಾಗದ ನಿಮಗೆ ತಲುಪಲಿಲ್ಲವೋ, ತಲುಪಿ, ಪುಸ್ತಕವನ್ನೂ ಓದಿ, ಬೇಕೆಂದೇ ಹಾಗೆ ಬಿಟ್ಟಿರೋ ತಿಳಿಯದು. ಅತ್ತೆ ಒಳಗಿನಿಂದ ಕರೆಯುತ್ತಿದ್ದಾಳೆ. ತಲುಪಲಿಲ್ಲ ಎಂದೇ ನಂಬಿಕೊಂಡು ಹೋಗುತ್ತಿದ್ದೇನೆ.