ನಲವತ್ತಾರು ದಿನ

೩-೬-೧೯೭೪, ಸೋಮವಾರ. ಐಮಂಗಲ

ಇವತ್ತೂ ದಾಖಲಾತಿ. ಮಧ್ಯಾಹ್ನದೊಳಗೆ ಹನ್ನೊಂದು ಮಕ್ಕಳು. ಹನ್ನೊಂದಕ್ಕೂ ಹುಟ್ಟಿದ ದಿನವನ್ನು ನಾನೇ ಹುಟ್ಟಿಸಬೇಕು. ಯಾವಾಗ ಹುಟ್ಟಿದ್ದಮ್ಮ ಅಂದರೆ "ಸಜ್ಜೆ ಕೊಯ್ಯಾ ಟೈಮು ಸಾ" ಅನ್ನುತ್ತಾರೆ. ಯಾವ ವರ್ಷದ ಸಜ್ಜೆಯೋ. ಮಗುವಿನ ಬಲಗೈಯನ್ನು ತಲೆ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ ನೋಡುತ್ತೇನೆ. ಮುಟ್ಟಿದರೆ ಸೇರಿಸಿಕೊಂಡು ಒಂದು ತಾರೀಖು ಬರೆಯುತ್ತೇನೆ. ಬೇರೆ ಮೇಷ್ಟ್ರುಗಳ ಹಾಗೆ ಎಲ್ಲರಿಗೂ ಜೂನ್ ಒಂದು ಅಂತ ಗೀಚುವ ಸೋಮಾರಿ ನಾನಲ್ಲ. ಒಬ್ಬೊಬ್ಬರಿಗೆ ಒಂದೊಂದು ದಿನ, ಗುಂಡಗಿನ ಅಕ್ಷರದಲ್ಲಿ.

ರಂಗಯ್ಯ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಈ ವರ್ಷವೇ ಬಂದ ಹೊಸ ಅಸಿಸ್ಟೆಂಟು. "ಎಲ್ರಿಗೂ ಎಲ್ಡು ವರ್ಷ ಕಮ್ಮಿ ಬರಿತೀರಲ್ಲ ಸಾರ್?" ಎಂದ. ನಾಳೆ ಇವರಲ್ಲಿ ಒಬ್ಬನಿಗೆ ಸರ್ಕಾರಿ ನೌಕರಿ ಸಿಕ್ಕಿದರೆ ಎರಡು ವರ್ಷ ಸರ್ವಿಸ್ ಜಾಸ್ತಿ ಕಣಯ್ಯ, ಎಂದೆ. ನನಗೆ ನಮ್ಮ ಮೇಷ್ಟ್ರು ಎರಡು ವರ್ಷ ಹೆಚ್ಚಿಗೆ ಬರೆದು ಕೂರಿಸಿದರು. ಎರಡು ವರ್ಷ ಮೊದಲೇ ರಿಟೈರ್ ಆಗಿ ಮನೆಗೆ ಹೋಗಬೇಕು. ಆ ಸಿಟ್ಟು ನನಗಿನ್ನೂ ಇದೆ.

ಮಗಳು ಜುಂಜಿ ಚಿತ್ರದುರ್ಗದ ಹಾಸ್ಟೆಲ್ಲಿಂದ ಬಂದು ಒಂದೂವರೆ ತಿಂಗಳು. ಪಿ.ಯು. ರಿಸಲ್ಟ್ ಮುಂದಿನ ವಾರವಂತೆ. ಅವಳಿಗಿಂತ ಹೆಚ್ಚಾಗಿ ನಾನೇ ದಿನ ಎಣಿಸುತ್ತಿದ್ದೇನೆ.

೧೨-೬, ಬುಧವಾರ

ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಪೇಪರು. ನಂಬರ್ ಇತ್ತು. ಫಸ್ಟ್ ಕ್ಲಾಸು. ಸಂಜೆ ಅವಳೇ ದುರ್ಗಕ್ಕೆ ಹೋಗಿ ಅಂಕ ನೋಡಿಕೊಂಡು ಬಂದಳು — ಸೈನ್ಸ್ ವಿಷಯಗಳಲ್ಲಿ ಎಂಬತ್ತಾರು ಪರ್ಸೆಂಟ್. ಕಾಡುಗೊಲ್ಲರ ಹಟ್ಟಿಯ ಹುಡುಗಿ! ರಂಗಯ್ಯನಿಗೆ ಮೂರು ಸಲ ಹೇಳಿದೆ.

ಹೆಂಡತಿ ಕೆಂಚಕ್ಕ ಒಲೆ ಮುಂದೆ ಕೂತವಳು ಎದ್ದು ಬಂದಳು. "ಹಂಗಾರೆ ಡಾಕ್ಟ್ರು ಆಗ್ತಾಳಾ?" ಎಂದಳು. ಆಗ್ತಾಳೆ ಅಂದೆ. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಒಲೆ ಮುಂದೆ ಹೋಗಿ ಕೂತಳು. ನಮ್ಮ ಮೊದಲನೆಯ ಗಂಡುಮಗು ಗಾಡಿಯಲ್ಲಿ ಹಿರಿಯೂರು ಆಸ್ಪತ್ರೆ ಮುಟ್ಟುವ ಮೊದಲೇ ಅವಳ ತೊಡೆ ಮೇಲೆ ಹೋದದ್ದು.

೧೬-೬, ಭಾನುವಾರ

ತುರುವನೂರು ಕಡೆಯಿಂದ ಚಿತ್ರಲಿಂಗಪ್ಪ ಬಂದಿದ್ದ. ಕೆಂಚಕ್ಕನ ಅಣ್ಣ. ಎರಡು ವರ್ಷದ ಹಿಂದೆ ಜುಂಜಿಯನ್ನು ಪಿ.ಯು.ಗೆ ಸೇರಿಸುವಾಗ ಹಟ್ಟಿಯ ಹಿರಿಯರ ಮುಂದೆ ನಾನು ಮಾತು ಕೊಟ್ಟಿದ್ದೆ — ಡಾಕ್ಟರ್ ಸೀಟು ಸಿಕ್ಕರೆ ಓದು, ಸಿಗದಿದ್ದರೆ ಅವನ ಮಗ ಯತ್ತಪ್ಪನಿಗೆ ಮದುವೆ. ಮತ್ತೆ ಮುಂದೂಡುವ ಹಾಗಿಲ್ಲ. ಆಗ ಆ ಮಾತು ಕೊಡದಿದ್ದರೆ ಅವಳು ದುರ್ಗದ ಬಸ್ಸೇ ಹತ್ತುತ್ತಿರಲಿಲ್ಲ.

"ಸೀಟು ಸಿಕ್ರೆ ನಂದೇನೂ ತಕರಾರಿಲ್ಲ ಭಾವ. ಸಿಗದಿದ್ರೆ ಕಾರ್ತಿಕದಾಗೆ ಮಾಡಾಣ" ಎಂದ. ಒಳ್ಳೆಯವನೇ. ಯತ್ತಪ್ಪನೂ ಒಳ್ಳೆಯ ಹುಡುಗ, ನೂರು ಕುರಿ ಕಾಯುತ್ತಾನೆ, ಬೀಡಿ ಕೂಡ ಸೇದುವುದಿಲ್ಲ. ಕೆಟ್ಟವನಾಗಿದ್ದರೆ ಇಲ್ಲ ಅನ್ನುವುದು ಸುಲಭವಿತ್ತು.

ಜುಂಜಿ ಕಾಫಿ ತಂದಿಟ್ಟು ಮಾವನ ಮುಖ ನೋಡದೆ ಒಳಗೆ ಹೋದಳು.

೧೮-೬, ಮಂಗಳವಾರ

ದುರ್ಗ. ಮೆಡಿಕಲ್ ಕಾಲೇಜಿನ ಫಾರಂ ಸಿಕ್ಕಿತು. ಸ್ಟುಡಿಯೋದಲ್ಲಿ ಫೋಟೋ — ಕೆಂಚಕ್ಕ ಎಣ್ಣೆ ಸುರಿದು ತಲೆ ಬಾಚಿ ಕಳಿಸಿದ್ದಾಳೆ, ಹುಡುಗಿ ನೆಂದ ಕೋಳಿಮರಿಯ ಹಾಗೆ ಕಾಣುತ್ತಾಳೆ. ಹೇಳಿದೆ. "ಸೀಟು ಫೋಟೋಕ್ಕೆ ಕೊಡಲ್ಲ ಬಿಡಪ್ಪ" ಎಂದಳು. ಕೋರ್ಟ್ ಹತ್ತಿರ ಟೈಪ್ ಮಾಡಿಸಿ ಅಟೆಸ್ಟೇಷನ್‌ಗೆ ಅಲೆದೆವು. ಒಬ್ಬ ಗೆಜೆಟೆಡ್ ಆಫೀಸರು ರಜ, ಇನ್ನೊಬ್ಬರು ಮೀಟಿಂಗು. ಮೂರನೆಯವರು ತಲೆ ಎತ್ತದೆ ಹಸಿರು ಶಾಯಿಯಲ್ಲಿ ಸಹಿ ಹಾಕಿ ಸೀಲು ಒತ್ತಿ ಕೊಟ್ಟರು. ಬಸ್ಸಿನಲ್ಲಿ ಅವಳು ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದಳು. ದೊಡ್ಡವಳಾದ ಮೇಲೆ ಇದೇ ಮೊದಲು.

೨೩-೬, ಭಾನುವಾರ. ಬೆಳಗ್ಗೆ ೧೦

ಫಾರಂ ತುಂಬಿದೆವು. ಮೂವರೂ ಚಾಪೆಯ ಮೇಲೆ. ನಿಯಮಗಳೆಲ್ಲ ಇಂಗ್ಲಿಷಿನಲ್ಲಿ. ಅವಳು ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು, ನಾನು ಒಂದೊಂದಕ್ಕೂ ಪೆನ್ಸಿಲ್ ಗುರುತು ಹಾಕುತ್ತಾ ಹೋದೆ. ಡಿಸೆಂಬರ್ ಮೂವತ್ತೊಂದಕ್ಕೆ ಹದಿನೇಳು ತುಂಬಿರಬೇಕು ಅಂತ ಒಂದು. ಕೆಂಚಕ್ಕ ರಾಗಿ ಹಸನು ಮಾಡುತ್ತಿದ್ದವಳು ತಲೆ ಎತ್ತದೆ, "ಯಾವಾಗ್ಲೋ ಹದಿನೆಂಟಾತು. ಕುರಿ ಹೊಡ್ಕಂಡು ಹೊಳಲ್ಕೆರೆ ಕಡೀಕೆ ಹೋದ ವರ್ಷ ಹುಟ್ಟಿದ್ದು" ಎಂದಳು. ಹುಟ್ಟಿದ ತಾರೀಖನ್ನು ಜುಂಜಿ ಎಸ್.ಎಸ್.ಎಲ್.ಸಿ. ಕಾರ್ಡ್ ನೋಡಿ ಆಗಲೇ ಇಳಿಸಿದ್ದಳು. ಗುರುತು ಹಾಕಿದೆ. ಮುಂದಿನದು ಓದು ಅಂದೆ.

೨೪-೬. ರಿಜಿಸ್ಟರ್ ಪೋಸ್ಟ್, ಅಕ್ನಾಲೆಜ್‌ಮೆಂಟ್ ಸಮೇತ. ರಸೀದಿ ಈ ಡೈರಿಯ ಅಟ್ಟೆಯಲ್ಲಿಟ್ಟಿದ್ದೇನೆ.

೨೨-೭, ಸೋಮವಾರ

ಬಂದಿತು. ಇಂಟರ್‌ವ್ಯೂ ಕಾರ್ಡು ಅಂದುಕೊಂಡು ಜುಂಜಿ ಶಾಲೆಯವರೆಗೂ ಓಡಿಬಂದಳು, ಒಡೆಯದೆ ನನ್ನ ಕೈಯಲ್ಲೇ ಒಡೆಸಬೇಕು ಅಂತ. ಒಡೆದೆ. ಅಚ್ಚಾದ ಕಾಗದ. ತಿರಸ್ಕಾರದ ಕಾರಣಗಳು ಒಂಬತ್ತು, ನಾಲ್ಕನೆಯದಕ್ಕೆ ಕೆಂಪು ಗುರುತು. ವಯಸ್ಸು ಸಾಲದು. ಕೆಳಗೆ ಕೈಬರಹದಲ್ಲಿ — ಜನನ ೧೫-೨-೧೯೫೮, ನಲವತ್ತಾರು ದಿನ ಕಡಿಮೆ.

ಅವಳು ಎರಡು ಸಲ ಓದಿದಳು. "ಇದು ತಪ್ಪಪ್ಪ. ನಂಗೆ ಹದಿನೆಂಟು" ಎಂದಳು. ತರಗತಿಯಲ್ಲಿ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಹೇಳಲಿ ಅಂತ ಬಿಟ್ಟೆ.

೨೩-೭, ಮಂಗಳವಾರ

ಬೆಳಗ್ಗೆ ರೊಟ್ಟಿ ಮುಂದೆ ಕೂತಾಗ ಕೇಳಿದಳು. "ಎಸ್.ಎಸ್.ಎಲ್.ಸಿ. ಕಾರ್ಡಿಗೆ ಆ ತಾರೀಕು ಎಲ್ಲಿಂದ ಬಂತಪ್ಪ? ಒಂದನೇ ಕ್ಲಾಸಿಗೆ ಸೇರಿಸ್ದಾಗ ಯಾರು ಬರದಿದ್ದು?"

ಗೋವಿಂದಪ್ಪ ಮೇಷ್ಟ್ರು ಅಂದೆ.

ಬಾಯಿಗೆ ಬಂದದ್ದು ಅದು. ಗೋವಿಂದಪ್ಪ ಮೇಷ್ಟ್ರು ಆಗ ಇಲ್ಲೇ ಇದ್ದರು, ಈಗ ಇಲ್ಲ, ಸತ್ತು ಐದು ವರ್ಷ. ಸತ್ತವರು ಬಂದು ಇಲ್ಲ ಅನ್ನುವುದಿಲ್ಲ. ಕೆಂಚಕ್ಕ ಹಿಡಿಶಾಪ ಹಾಕಿದಳು — "ಆ ಯಪ್ಪನ ಕೈ ಸೇದೋಗ." ನನ್ನ ಕೈಗೆ ಅವಳೇ ಇನ್ನೊಂದು ರೊಟ್ಟಿ ಹಾಕಿದಳು.

ಇಲ್ಲಿ ಬರೆಯುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ. ೧೯೬೩ರ ಜೂನ್‌ನಲ್ಲಿ ಸೇರಿಸಿಕೊಂಡವನು ನಾನು. ಆಗ ಏಳು ವರ್ಷ ಅವಳಿಗೆ; ಐದು ಅಂತ ಬರೆದೆ. ಇವಳು ಟೀಚರ್ ಆದರೆ ಎರಡು ವರ್ಷ ಹೆಚ್ಚು ಸರ್ವಿಸ್ ಅಂತ. ಅಷ್ಟು ಸಾಲದು ಅಂತ, ಚುರುಕಿದ್ದಾಳೆ ಅಂತ, ಎರಡನೆಯ ಕ್ಲಾಸಿನಿಂದ ನಾಲ್ಕಕ್ಕೆ ಹಾರಿಸಿದವನೂ ನಾನೇ. ಹಾರಿಸದಿದ್ದರೂ ಆಗುತ್ತಿತ್ತು, ಕಡಿಮೆ ಬರೆಯದಿದ್ದರೂ ಆಗುತ್ತಿತ್ತು. ಎರಡನ್ನೂ ಮಾಡಿದೆ. ಪ್ರೀತಿ ಜಾಸ್ತಿ ಆಗಿ ಮಾಡಿದೆ. ಫೆಬ್ರವರಿ ಹದಿನೈದು ಅನ್ನುವುದು ಯಾಕೆ ಹೊಳೆಯಿತೋ. ಆವತ್ತು ನನ್ನ ಪೆನ್ನಿಗೆ ಒಂದೂವರೆ ತಿಂಗಳು ಹಿಂದೆ ಸರಿಯಲು ಏನಾಗಿತ್ತು?

೨೭-೭, ಶನಿವಾರ

ಶಾಲೆ ಮುಗಿಸಿ ಹಿರಿಯೂರು. ಶಿಕ್ಷಣ ಆಫೀಸಿನ ಗುಮಾಸ್ತ ಓಬಣ್ಣ ನನಗೆ ಹಳಬ. ಕಾಗದ ನೋಡಿ ಕನ್ನಡಕ ತೆಗೆದಿಟ್ಟ. "ಎಸ್.ಎಸ್.ಎಲ್.ಸಿ. ಕಾರ್ಡ್ ಪ್ರಿಂಟಾದ್ಮೇಲೆ ದೇವ್ರು ಬಂದ್ರೂ ತಿದ್ದಕಾಗಲ್ಲ ಮೇಷ್ಟ್ರೆ. ಒಂದೇ ದಾರಿ. ಶಾಲೆ ದಾಖಲಾತಿ ರಿಜಿಸ್ಟರ್‌ನಾಗೆ ಬ್ಯಾರೆ ತಾರೀಕು ಇದ್ರೆ ಅದರ ನಕಲು ಹಚ್ಚಿ ಅಪೀಲು ಹಾಕ್ರಿ. ಇಲ್ಲಾಂದ್ರೆ ಮುಂದಿನ ವರ್ಷ ಹಾಕ್ರಿ, ಅಷ್ಟೊತ್ತಿಗೆ ಹದಿನೇಳು ಆಗಿರ್ತೈತಲ್ಲ."

ಮುಂದಿನ ವರ್ಷ. ಅಲ್ಲಿಂದಲೇ ತುರುವನೂರಿಗೆ ಬಸ್ ಹಿಡಿದೆ. ಒಂದು ವರ್ಷ ತಡೆಯಪ್ಪ ಅಂದದ್ದನ್ನು ಚಿತ್ರಲಿಂಗಪ್ಪ ಕೈ ಕಟ್ಟಿ ಕೇಳಿಸಿಕೊಂಡ. "ಭಾವ, ನಿಮ್ ಪುಸ್ತಕದಾಗೆ ಹದಿನಾರು ಇರಬೌದು. ಹಟ್ಟಿಯಾಗೆ ಹುಡುಗಿಗೆ ಹದಿನೆಂಟಾಗೈತೆ, ಎಲ್ರಿಗೂ ಗೊತ್ತೈತೆ. ಮಾತು ಕೊಟ್ಟೋರು ನೀವು" ಎಂದ. ಊಟ ಮಾಡಿ ಹೋಗಿ ಅಂತ ಬಲವಂತ ಮಾಡಿದ. ಮಾಡಿದೆ. ಹಾಲು-ಅನ್ನ.

ಮನೆಗೆ ಬಂದರೆ ಜುಂಜಿ ಬಾಗಿಲಲ್ಲೇ. ಓಬಣ್ಣ ಏನಂದ? ಮುಂದಿನ ವರ್ಷ ಅಂದ ಎಂದೆ. ಮಾವ ಏನಂದ್ರು? ಒಪ್ಪಲಿಲ್ಲ ಎಂದೆ. ರಿಜಿಸ್ಟರಿನ ಸುದ್ದಿ ಎತ್ತಲಿಲ್ಲ. ಆದರೆ ರಿಜಿಸ್ಟರ್ ನಕಲು, ಅಪೀಲು ಅಂತ ಓಬಣ್ಣ ಬರೆದುಕೊಟ್ಟ ಚೀಟಿ ನನ್ನ ಜೇಬಿನಲ್ಲಿತ್ತು, ಅಂಗಿ ಒಗೆಯಲು ತೆಗೆದವಳು ಅವಳು.

೨೯-೭, ಸೋಮವಾರ

ಬೆಳಗ್ಗೆ ಸಂಬಳದ ಬಿಲ್ಲಿಗೆ ಹಿರಿಯೂರಿಗೆ ಹೋಗಿದ್ದೆ. ವಾಪಸ್ಸು ಬಂದಾಗ ನಾಲ್ಕು ಗಂಟೆ. ಆಫೀಸ್ ಕೋಣೆಯ ಬೀರು ತೆರೆದಿತ್ತು. ರಂಗಯ್ಯ ಎದ್ದು ನಿಂತ. "ನಿಮ್ ಮಗಳು ಬಂದಿದ್ರು ಸಾರ್. ಅಡ್ಮಿಷನ್ ರಿಜಿಸ್ಟರ್ ಕೇಳಿದ್ರು. ಅಪೀಲಿಗೆ ಅಂತೆ. ಕೊಟ್ಟೆ." ಕೊಡದೆ ಇನ್ನೇನು ಮಾಡುತ್ತಾನೆ ಪಾಪ.

ರಿಜಿಸ್ಟರ್ ನನ್ನ ಮೇಜಿನ ಮೇಲೆ, ೧೯೬೩ರ ಪುಟದಲ್ಲಿ ತೆರೆದೇ ಇತ್ತು. ಅವಳಿಗೆ ಅಕ್ಷರ ತಿದ್ದಿಸಿದ್ದು ನಾನು. ನನ್ನ ಬರವಣಿಗೆ ಅವಳಿಗೆ ಗೊತ್ತಾಗದೆ ಇರುತ್ತದೆಯೆ. ಅದು ಹೋಗಲಿ ಅಂದರೆ ಷರಾ ಕಾಲಂನಲ್ಲಿ "ತಂದೆಯ ಹೇಳಿಕೆಯಂತೆ" ಅಂತ ಬೇರೆ ಬರೆದಿದ್ದೇನೆ. ತಂದೆಯ ಸಹಿ ಒಂದು, ಸೇರಿಸಿಕೊಂಡ ಉಪಾಧ್ಯಾಯರ ಸಹಿ ಒಂದು. ಎರಡೂ ಒಂದೇ ಸಹಿ. ಕಾಟಲಿಂಗಪ್ಪ, ಕಾಟಲಿಂಗಪ್ಪ.

ಮನೆಯಲ್ಲಿ ಅವಳು ನಕಲು ಸಿದ್ಧ ಮಾಡಿಟ್ಟಿದ್ದಳು. ಪ್ರತಿ ಕಾಲಮ್ಮೂ ಹಾಗೆಯೇ, ಒಂದು ಚಿತ್ತಿಲ್ಲ. ಕೆಳಗೆ "ಮೂಲ ದಾಖಲೆಯೊಂದಿಗೆ ಹೋಲಿಸಿ ನೋಡಿದೆ, ಸರಿಯಾಗಿದೆ" ಅಂತ ಬರೆದು ಮುಖ್ಯೋಪಾಧ್ಯಾಯರ ಸಹಿಗೆ ಜಾಗ ಬಿಟ್ಟಿದ್ದಳು. ಪೆನ್ನಿನ ಕ್ಯಾಪ್ ತೆಗೆದು ಕೊಟ್ಟಳು. "ಸೈನ್ ಹಾಕ್ರಿ" ಎಂದಳು.

ಹಾಕ್ರಿ. ಹುಟ್ಟಿದಾಗಿನಿಂದ ಹಾಕಪ್ಪ, ಬಾರಪ್ಪ ಅಂದವಳು.

ಹಾಕಿದೆ. ಸೀಲು ಒತ್ತಿಕೊಂಡು ಬರುತ್ತೇನೆ ಎಂದೆ. ಆಗಲಿ ಎಂದಳು. ಕೆಂಚಕ್ಕ ಒಳಗಿಂದ ಕೇಳಿದಳು, "ಆ ಗೋವಿಂದಪ್ಪ ಏನ್ ಬರದವ್ನೆ ಅದ್ರಾಗೆ?" ಜುಂಜಿ ಕಾಗದ ಮಡಚುತ್ತಾ, "ಅದೇ ತಾರೀಕೇ ಐತವ್ವ" ಎಂದಳು. ಅಷ್ಟೇ.

೩೦-೭

ಅಪೀಲು ಕಳಿಸಿದಳು. ನಕಲಿನಲ್ಲಿ ಅದೇ ತಾರೀಖು ಇದೆ, ಪ್ರಯೋಜನ ಇಲ್ಲ ಅಂತ ಅವಳಿಗೂ ಗೊತ್ತು. ಆದರೂ ಕಳಿಸಿದಳು. ನನ್ನ ಸಹಿ ಬೇಕಿತ್ತೇನೋ.

೪-೮, ಭಾನುವಾರ

ಇವತ್ತಾದರೂ ಜಗಳ ಆಡುತ್ತಾಳೆ ಅಂದುಕೊಂಡೆ. ಬೈದರೆ ಬೈಯಲಿ. ಬಿ.ಎಸ್ಸಿ.ಗಾದರೂ ಹಾಕುತ್ತೇನೆ, ಮಾವನ ಕಾಲು ಹಿಡಿಯುತ್ತೇನೆ ಅಂತ ಹೇಳಲು ಮಾತು ಕಟ್ಟಿಕೊಂಡೇ ಕೂತಿದ್ದೆ. ಅವಳು ಅಂಗಳ ಸಾರಿಸಿದಳು. ನೀರು ತಂದಳು. ಅವ್ವನ ತಲೆ ಹಿಕ್ಕಿದಳು. ನಾನು ಎದುರಿಗೆ ಹೋದಾಗಲೆಲ್ಲ ದಾರಿ ಬಿಟ್ಟು ನಿಂತಳು, ಶಾಲೆಯಲ್ಲಿ ಮಕ್ಕಳು ನಿಲ್ಲುವ ಹಾಗೆ. ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡ್ ಕಡೆ ಹೊರಟುಬಿಟ್ಟೆ. ನಾನು ಹೇಡಿ. ಇದನ್ನೂ ಬರೆದಿಡುತ್ತೇನೆ.

೧೯-೮, ಸೋಮವಾರ

ಉತ್ತರ. ಒಂದು ಸಾಲು. ಮನವಿಯನ್ನು ಪರಿಗಣಿಸಲು ಬರುವುದಿಲ್ಲ.

ಜುಂಜಿ ಓದಿ ಅವ್ವನಿಗೆ ಕೊಟ್ಟಳು. ಓದಲು ಬಾರದ ಕೆಂಚಕ್ಕ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ "ನಿಮ್ ಮಾವಂಗೆ ಹೇಳಿ ಕಳಿಸ್ಲೇನವ್ವ?" ಎಂದಳು. "ಕಳಿಸು" ಎಂದಳು ಮಗಳು. ನನ್ನನ್ನು ಯಾರೂ ಕೇಳಲಿಲ್ಲ.

೨-೯. ಮದುವೆಗೆ ಮಾರಮ್ಮನ ಗುಡಿಯಲ್ಲಿ ಹೂವು ಕೇಳಿಸಿದರಂತೆ. ಬಲಗಡೆ ಬಿತ್ತಂತೆ, ದೇವರೂ ಒಪ್ಪಿದಳು.

೧೫-೨-೧೯೭೫, ಶನಿವಾರ

ಈ ವರ್ಷ ಡೈರಿ ಯಾರೂ ಕೊಡಲಿಲ್ಲ. ಹಳೆಯದರ ಹಿಂದೆ ಖಾಲಿ ಹಾಳೆ ಇವೆ.

ಇವತ್ತು ಜುಂಜಿಗೆ ಹದಿನೇಳು ತುಂಬಿತು, ನನ್ನ ರಿಜಿಸ್ಟರ್ ಪ್ರಕಾರ.

ಮದುವೆ ಕಾರ್ತಿಕದಲ್ಲಿ ಆಯಿತು. ಸಂಕ್ರಾಂತಿಗೆ ಬಂದಿದ್ದಳು. ಯತ್ತಪ್ಪ ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ ಅಂತ ಕೆಂಚಕ್ಕ ಹೇಳಿದಳು. ಜುಂಜಿ ನನ್ನ ಹತ್ತಿರ "ಚೆನ್ನಾಗಿದೀರಾ" ಎಂದಳು. ಚೆನ್ನಾಗಿದ್ದೇನೆ ಎಂದೆ. ಬಯಾಲಜಿ ರೆಕಾರ್ಡ್ ಪುಸ್ತಕ ಇಲ್ಲೇ ಬಿಟ್ಟು ಹೋಗಿದ್ದಾಳೆ. ಕೆಂಚಕ್ಕ ದಿನಾ ಒರೆಸಿಡುತ್ತಾಳೆ, ಗೋವಿಂದಪ್ಪನನ್ನು ಬೈಯುತ್ತಾಳೆ. ನಾನಿನ್ನೂ ಬಾಯಿ ಬಿಟ್ಟಿಲ್ಲ.

ಬೆಳಗ್ಗೆ ಶಾಲೆ ಬಿಟ್ಟ ಮೇಲೆ ಮಕ್ಕಳ ಗಣತಿಗೆ ಹಟ್ಟಿಗೆ ಹೋದೆ. ಜೂನಿನಲ್ಲಿ ಯಾರು ಯಾರು ಶಾಲೆಗೆ ಸೇರಬೇಕು ಅಂತ ಬರೆದುಕೊಳ್ಳುವ ಕೆಲಸ. ಬೋರಕ್ಕ ಮಗಳನ್ನು ಎಳೆದುಕೊಂಡು ಬಂದಳು. ಸೊಂಟದಲ್ಲಿ ಉಡುದಾರ, ಮೂಗಲ್ಲಿ ಸಿಂಬಳ, ಕಣ್ಣು ಮಾತ್ರ ಬಹಳ ಚುರುಕು. ವಯಸ್ಸೆಷ್ಟು ಅಂದೆ.

"ನಂಗೇನ್ ಗೊತ್ತು ಮೇಷ್ಟ್ರೆ. ಏಳೋ ಎಂಟೋ. ನಿಮ್ ಜುಂಜಮ್ಮಂಗೆ ಬರದಂಗೇ ಬರಕಳ್ರಿ. ಹಟ್ಟಿಯಾಗೆ ಯಾರೂ ಓದದೇ ಇರಾದು ಓದಿದ್ಲು" ಎಂದಳು.

ಮಗುವಿನ ಬಲಗೈ ಹಿಡಿದು ತಲೆ ಮೇಲಿಂದ ಹಾಯಿಸಿದೆ. ಕಿವಿ ದಾಟಿ ಕೆನ್ನೆಯವರೆಗೂ ಬಂತು. ನಕ್ಕಳು. ಪೆನ್ನು ತೆಗೆದೆ. ಹೆಸರು ಬರೆದೆ. ತಂದೆಯ ಹೆಸರು ಬರೆದೆ. ಹುಟ್ಟಿದ ದಿನಾಂಕ —